ಅರ್ಧ ಮಸೂರಕ್ಕೆ ಎರಡು ಅಂಕ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ. ಮೂಗಿನ ಮೇಲೆ ಚಾಳೀಸು ಏರಿಸಿಕೊಂಡೂ ಕಣ್ಣ ಮುಂದಿನದು ಕಾಣದವರಿಗಿಂತ ನಾನು ವಾಸಿ. ಚಾಳೀಸು ಅಂದರೆ ನಮ್ಮ ಕಡೆ ನಲವತ್ತು ದಾಟಿದವರು ಓದುವುದಕ್ಕೆ ಹಾಕಿಕೊಳ್ಳುವ ಕನ್ನಡಕ. ಅದರ ಗಾಜು ನಡುವೆ ಉಬ್ಬಿರುತ್ತದೆ, ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಪೀನ ಮಸೂರ. ನಾನು ಹೇಳಹೊರಟಿರುವ ಜಗಳ ಪೂರ್ತಿ ಈ ಗಾಜಿನದು, ಮತ್ತು ಎರಡೇ ಎರಡು ಅಂಕದ್ದು. ಎರಡು ಅಂಕಕ್ಕೆ ಯಾರಾದರೂ ಇಷ್ಟು ವರ್ಷ ಸಿಟ್ಟು ಇಟ್ಟುಕೊಳ್ಳುತ್ತಾರೆಯೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಇಟ್ಟುಕೊಂಡಿದ್ದೇನೆ.

ಹಾವೇರಿ ಜಿಲ್ಲೆಯಾಗಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ನಾನು ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ರಾಣೇಬೆನ್ನೂರಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿಬರುವುದು. ನಮ್ಮ ಶಾಲೆಯ ಹಿಂದೆ ನಾಲ್ಕು ಹೆಜ್ಜೆಗೆ ಮೆಣಸಿನಕಾಯಿ ಮಾರುಕಟ್ಟೆ. ಸುಗ್ಗಿಯಲ್ಲಿ ಗಾಳಿ ಆ ಕಡೆಯಿಂದ ಬೀಸಿದರೆ ಪಾಠ ನಿಲ್ಲುತ್ತಿತ್ತು, ಸೀನು ಶುರುವಾಗುತ್ತಿತ್ತು. ಸೋಮವಾರ ಮತ್ತು ಗುರುವಾರ ಮಾರುಕಟ್ಟೆಯ ದಿನ, ಆ ಎರಡು ದಿನ ಹಾಜರಿಯೂ ಅರ್ಧಕ್ಕೆ ಇಳಿಯುತ್ತಿತ್ತು.

ಬೆಳಕಿನ ಪಾಠವನ್ನು ನಮ್ಮ ಮಕ್ಕಳು ಹೇಗೆ ಕಲಿಯುತ್ತಿದ್ದರು ಎಂದರೆ, ವಕ್ರೀಭವನದ ವ್ಯಾಖ್ಯೆಯನ್ನು ಒಂದೇ ಉಸಿರಿಗೆ ಹೇಳುತ್ತಿದ್ದರು. ಮಸೂರದ ಚಿತ್ರವನ್ನು ಬಾಣದ ಗುರುತಿನ ಸಮೇತ ಕಣ್ಣು ಮುಚ್ಚಿ ಬರೆಯುತ್ತಿದ್ದರು. ನೀರಿನ ಲೋಟದೊಳಗೆ ಚಮಚ ಯಾಕೆ ಮುರಿದಂತೆ ಕಾಣುತ್ತದೆ ಎಂದು ಕೇಳಿದರೆ ಮಾತ್ರ ಸೂರು ನೋಡುತ್ತಿದ್ದರು. ಗಿಣಿಪಾಠ. ಅವರನ್ನು ಬೈದು ಏನು ಪ್ರಯೋಜನ? ಶಾಲೆಗೆ ಇದ್ದದ್ದು ಒಂದೇ ಒಂದು ಮಸೂರ. ಅದು ಬೀರುವಿನಲ್ಲಿ, ಹತ್ತಿ ಸುತ್ತಿದ ಡಬ್ಬಿಯಲ್ಲಿ ಇರುತ್ತಿತ್ತು. ಒಡೆದರೆ ದಾಸ್ತಾನು ಪುಸ್ತಕದಲ್ಲಿ ಏನೆಂದು ಬರೆಯುವುದು ಎಂಬ ಹೆದರಿಕೆಗೆ ನಮ್ಮ ಹೆಡ್‌ಮಾಸ್ತರು ಅದನ್ನು ಹೊರಗೆ ತೆಗೆಯಲು ಬಿಡುತ್ತಿರಲಿಲ್ಲ. ಬೆಳಕನ್ನು ಹಾಯಿಸಲು ಹುಟ್ಟಿದ ವಸ್ತುವನ್ನು ಕತ್ತಲಲ್ಲಿ ಇಟ್ಟು ಬೀಗ ಹಾಕಿದ ಜನ ನಾವು.

ಒಂದು ವರ್ಷ ನನಗೆ ರೇಗಿತು. ಹತ್ತನೆಯ ತರಗತಿಯವರಿಗೆ, ನಾಳೆ ಮನೆಯಲ್ಲಿ ಅಜ್ಜ ಅಜ್ಜಿಯ ಚಾಳೀಸು ಇದ್ದರೆ ಕೇಳಿ ತನ್ನಿ ಎಂದೆ. ಕೋಣೆ ಕತ್ತಲೆ ಮಾಡಬೇಕಲ್ಲ, ಕಿಟಕಿಗೆ ಕಟ್ಟಲು ಏನಾದರೂ ತನ್ನಿ ಎಂದೂ ಹೇಳಿದೆ. ಬ್ಯಾಡಗಿಯ ಮಕ್ಕಳು ಏನು ತರುತ್ತಾರೆ? ಮಾರುಕಟ್ಟೆಯಿಂದ ಖಾಲಿ ಗೋಣಿಚೀಲ ತಂದರು. ಹುಡುಗರು ಬೆಂಚು ಹತ್ತಿ ಆ ಚೀಲಗಳನ್ನು ಜಾಡಿಸಿ ಜಾಡಿಸಿ ಕಿಟಕಿಗೆ ಕಟ್ಟಿದರು. ಕೋಣೆ ಕತ್ತಲಾಯಿತು. ಮರುಕ್ಷಣದಲ್ಲಿ ಅರವತ್ತು ಮಕ್ಕಳು, ನಾನೂ ಸೇರಿ, ಕಣ್ಣು ಮೂಗು ಒರೆಸಿಕೊಳ್ಳುತ್ತ ಹೊರಗೆ ಓಡಿದೆವು. ಹೆಡ್‌ಮಾಸ್ತರು ಬಂದು, "ಇದು ಯಾವ ಪ್ರಯೋಗರಿ ಮೇಡಂ, ಬೆಳಕಿಂದೋ ಖಾರದ್ದೋ?" ಎಂದು ನಕ್ಕರು. ಮರುದಿನ ಚೀಲಗಳನ್ನು ಬಾವಿಯ ಕಟ್ಟೆಯ ಮೇಲೆ ಒಗೆದು ಒಣಗಿಸಿ ಮತ್ತೆ ಕಟ್ಟಿಸಿದೆ. ಹಟ ಅಂದರೆ ಹಟ.

ಒಂದು ಕಿಟಕಿಯನ್ನು ಮಾತ್ರ ತೆರೆದಿಟ್ಟಿದ್ದೆ. ಅದರಾಚೆ ಒಂದು ಬೇವಿನ ಗಿಡ. ಮಕ್ಕಳು ಚಾಳೀಸನ್ನು ಎದುರಿನ ಗೋಡೆಯ ಹತ್ತಿರ ಹಿಡಿದು ಹಿಂದೆ ಮುಂದೆ ಸರಿಸುತ್ತಿದ್ದ ಹಾಗೆ ಸುಣ್ಣದ ಗೋಡೆಯ ಮೇಲೆ ಅಂಗೈಯಷ್ಟು ಬೇವಿನ ಗಿಡ ತಲೆಕೆಳಗಾಗಿ ಮೂಡಿತು. ಎಲೆ ಅಲುಗಾಡುವುದೂ ಕಾಣುತ್ತಿತ್ತು. ಅದುವರೆಗೆ ಪುಸ್ತಕದ ಬಾಣವಾಗಿದ್ದದ್ದು ಅಲ್ಲಿ ಅಲುಗಾಡುತ್ತಿತ್ತು. ಮಕ್ಕಳು ಕೂಗಿದ ಕೂಗಿಗೆ ಪಕ್ಕದ ತರಗತಿಯ ಪಾಠ ಕೆಟ್ಟಿತು, ಆ ಮಾಸ್ತರು ನನ್ನೊಡನೆ ಎರಡು ದಿನ ಮಾತಾಡಲಿಲ್ಲ.

ಮೂರನೆಯ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ಅವಳಪ್ಪ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವನು, ತಾಯಿ ಮತ್ತು ಅಪ್ಪನ ತಾಯಿ ಅಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸುವವರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಕ್ಲಾಸಿನಲ್ಲಿ ಹೆಚ್ಚು ಮಾತಾಡುವವಳಲ್ಲ. ಅವಳು ತಂದಿದ್ದು ದಾದಿ ಎಂದು ಅವಳು ಕರೆಯುತ್ತಿದ್ದ ಆ ಅಜ್ಜಿಯ ಚಾಳೀಸು. ಅದರ ಒಂದು ಗಾಜು ಎಂದೋ ಬಿದ್ದುಹೋಗಿತ್ತು. ಉಳಿದ ಇನ್ನೊಂದು ಸೀಳಿದ್ದರಿಂದ ದಾದಿ ಅದರ ಮೇಲರ್ಧಕ್ಕೆ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಅಂಟಿಸಿಕೊಂಡಿದ್ದಳು. ಪಕ್ಕದ ಹುಡುಗಿಯರು ನಕ್ಕರು. ನಾನೂ, ಪಾಪ ಇದರಲ್ಲಿ ಅರ್ಧ ಗಿಡ ಬರುತ್ತದೆ ಬಿಡು ಎಂದುಕೊಂಡೆ.

ಅವಳು ಗೋಡೆಗೆ ಹಿಡಿದಳು. ಗಿಡ ಬಂತು. ಬುಡದಿಂದ ತುದಿಯವರೆಗೆ ಪೂರ್ತಿ ಗಿಡ, ಸ್ವಲ್ಪ ಮಬ್ಬಾಗಿ, ಅಷ್ಟೇ.

"ಟೀಚರ, ಅರ್ಧಾ ಪಟ್ಟಿ ಹಚ್ಚೈತಿ, ಗಿಡ ನೋಡಿದ್ರ ಪೂರಾ ಬಂದೈತಿ. ಯಾಕ್ರಿ?"

ಈಗ ನನ್ನ ಮರ್ಯಾದೆಯ ಮಾತು. ನನಗೆ ಗೊತ್ತಿರಲಿಲ್ಲ. ಮಸೂರವನ್ನು ಅರ್ಧ ಮುಚ್ಚಿದರೆ ಪ್ರತಿಬಿಂಬವೂ ಅರ್ಧ ಎಂದು ನಾನೇ ವರ್ಷಗಟ್ಟಲೆ ಹೇಳಿಕೊಟ್ಟಿದ್ದೆ. ನಮ್ಮ ಮೂರು ತಾಲೂಕುಗಳಲ್ಲಿ ಎಲ್ಲರೂ ಬಳಸುತ್ತಿದ್ದ ಪ್ರಶ್ನೋತ್ತರದ ಪುಸ್ತಕದಲ್ಲಿ ಹಾಗೇ ಇತ್ತು, ನಾನು ಓದಿದ್ದೂ ಹಾಗೇ. ಒಮ್ಮೆಯೂ ಅರ್ಧ ಮುಚ್ಚಿ ನೋಡಿರಲಿಲ್ಲ. ಬಿ.ಎಸ್ಸಿ. ಮಾಡಿ, ಮೇಲೆ ಬಿ.ಎಡ್. ಮಾಡಿ, ತೊಟ್ಟು ಬಿಡಿಸುವ ಮುದುಕಿಯ ಒಡಕು ಗಾಜಿನ ಮುಂದೆ ಬಾಯಿ ಬಿಟ್ಟು ನಿಂತೆ. "ನಾಳೆ ಹೇಳ್ತೀನಿ" ಎಂದೆ. ಶಿಕ್ಷಕರು ನಾಳೆ ಹೇಳುತ್ತೇನೆ ಎಂದರೆ ಏನರ್ಥ ಎಂದು ಮಕ್ಕಳಿಗೆ ಗೊತ್ತೇ ಇರುತ್ತದೆ.

ಸಂಜೆ ಬಸ್ಸಿನಲ್ಲಿ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಗೆರೆ ಎಳೆದೆ. ಮೋಟೆಬೆನ್ನೂರು ದಾಟುವಷ್ಟರಲ್ಲಿ ತಿಳಿಯಿತು. ಗಿಡದ ತುದಿಯಿಂದ ಹೊರಟ ಬೆಳಕು ಗಾಜಿನ ಎಲ್ಲ ಭಾಗಕ್ಕೂ ಬೀಳುತ್ತದೆ, ಬುಡದಿಂದ ಹೊರಟದ್ದೂ ಎಲ್ಲ ಭಾಗಕ್ಕೂ ಬೀಳುತ್ತದೆ. ಅರ್ಧ ಗಾಜು ಮುಚ್ಚಿದರೆ ಉಳಿದರ್ಧದಿಂದ ತುದಿಯ ಬೆಳಕೂ ಬರುತ್ತದೆ, ಬುಡದ ಬೆಳಕೂ ಬರುತ್ತದೆ, ಆದರೆ ಕಡಿಮೆ ಬರುತ್ತದೆ. ಇಷ್ಟೇ. ಇಷ್ಟನ್ನು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಮರುದಿನ ಹಲಗೆಯ ಮೇಲೆ ಬರೆದು ವಿವರಿಸಿದೆ. ಹೆಚ್ಚಿನವರು ತಲೆಯಾಡಿಸಿದರು, ತಿಳಿದು ಅಲ್ಲ, ಗಂಟೆ ಹೊಡೆಯಲಿ ಎಂದು. ಆ ಹುಡುಗಿ ಮಾತ್ರ ಎದ್ದು ನಿಂತಳು.

"ಹಂಗಂದ್ರ ನಮ್ಮ ಮಾರ್ಕೆಟ್ಟಿಗೆ ಎರಡು ಗೇಟ್ ಅದಾವಲ್ರಿ. ಕರ್ಜಗಿ ಚಕ್ಕಡಿನೂ ಎರಡೂ ಗೇಟಿಂದ ಬರ್ತಾವು, ಗುತ್ತಲದ್ದೂ ಎರಡೂ ಗೇಟಿಂದ ಬರ್ತಾವು. ಒಂದು ಗೇಟ್ ಮುಚ್ಚಿದ್ರೂ ಎಲ್ಲಾ ಊರಿನ ಮಾಲೂ ಒಳಗ ಬಂದ ಬರತೈತಿ. ಸ್ವಲ್ಪ ಕಡಿಮಿ ಬರತೈತಿ ಅಷ್ಟ. ಅಲ್ರಿ?"

ನಾನು ಹತ್ತು ಗೆರೆ ಎಳೆದು ಹೇಳಲಾಗದ್ದನ್ನು ಅವಳು ಎರಡು ಗೇಟು, ನಾಲ್ಕು ಎತ್ತಿನ ಗಾಡಿಯಲ್ಲಿ ಹೇಳಿ ಕುಳಿತಳು. ಆ ದಿನ ನನಗಾದ ಸಂತೋಷವನ್ನು ಯಾವ ಬಡ್ತಿಯೂ ಕೊಟ್ಟಿಲ್ಲ.

ಅವಳಿಗೆ ಆಮೇಲೆ ವಿಜ್ಞಾನದ ಹುಚ್ಚು ಹಿಡಿಯಿತು. ಪಿಯುಸಿಗೆ ಹಾವೇರಿಗೆ ಹೋಗಿ ವಿಜ್ಞಾನವನ್ನೇ ಓದುತ್ತೇನೆ ಎಂದಳು. ಅವಳಪ್ಪ ಒಂದು ದಿನ ಹೆಗಲ ಮೇಲೆ ಗೋಣಿಚೀಲದ ಧೂಳು ಇದ್ದ ಹಾಗೇ ಶಾಲೆಯ ಬಾಗಿಲಿಗೆ ಬಂದು ನಿಂತ. "ಅಕ್ಕಾರ, ನನಗ ಓದೂದು ಬರೆಯೂದು ತಿಳಿಯಂಗಿಲ್ಲ. ಆಕಿ ಸಾಯನ್ಸ್ ಅಂತಾಳ. ನೀವು ಆಗತೈತಿ ಅಂದ್ರ ಕಳಸ್ತೀನಿ, ಬ್ಯಾಡ ಅಂದ್ರ ಬ್ಯಾಡ" ಎಂದ. ನಾನು ಎದೆ ಮುಟ್ಟಿಕೊಂಡು ಆಗುತ್ತದೆ ಎಂದೆ. ಆದರೆ ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ವಾರ್ಷಿಕ ಪರೀಕ್ಷೆಗೆ ಮುಂಚೆ ಒಂದು ಪೂರ್ವಸಿದ್ಧತಾ ಪರೀಕ್ಷೆ. ಅದರಲ್ಲಿ ವಿಜ್ಞಾನಕ್ಕೆ ಅರವತ್ತು ಮುಟ್ಟಿದವರನ್ನು ಮುಂದಿನ ಗುಂಪಿಗೆ ಹಾಕಿ ಪಾಠ ಪೂರ್ತಿ ಮತ್ತೊಮ್ಮೆ ಹೇಳುವುದು. ಉಳಿದವರು ಹಿಂದಿನ ಗುಂಪು. ಅವರಿಗೆ ಪಾಸಾಗಲು ಸಾಕಾಗುವಷ್ಟು ಇಪ್ಪತ್ತು ಪ್ರಶ್ನೆ ಬಾಯಿಪಾಠ. ಹಿಂದಿನ ಗುಂಪಿನಿಂದ ಯಾರೂ ವಿಜ್ಞಾನಕ್ಕೆ ಹೋದದ್ದಿಲ್ಲ.

ಆ ಪರೀಕ್ಷೆಯನ್ನು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರು ತಾಲೂಕಿನ ಕೆಲವು ಶಿಕ್ಷಕರು ಸೇರಿ ಕಟ್ಟಿಕೊಂಡ ಒಂದು ಸಮಿತಿ ನಡೆಸುತ್ತಿತ್ತು. ಪ್ರಶ್ನೆಪತ್ರಿಕೆ ಒಂದೇ. ಉತ್ತರಪತ್ರಿಕೆಗಳನ್ನು ಎಲ್ಲ ಶಿಕ್ಷಕರೂ ಹಾವೇರಿಯ ಒಂದು ಶಾಲೆಯಲ್ಲಿ ಸೇರಿ ಮೂರು ದಿನ ತಿದ್ದುವುದು, ಒಬ್ಬರ ಊರಿನ ಕಟ್ಟು ಇನ್ನೊಬ್ಬರಿಗೆ. ಜೊತೆಗೆ ಕೀ, ಅಂದರೆ ಯಾವ ಪ್ರಶ್ನೆಗೆ ಯಾವ ಉತ್ತರ ಬರೆದರೆ ಎಷ್ಟು ಅಂಕ ಎಂಬ ಪಟ್ಟಿ. ಆ ವರ್ಷ ಬೆಳಕಿನ ಪಾಠದಿಂದ ಬಂದದ್ದು ಇದೇ ಪ್ರಶ್ನೆ: ಪೀನ ಮಸೂರದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಪ್ರತಿಬಿಂಬ ಏನಾಗುತ್ತದೆ, ಕಾರಣ ಕೊಡಿ. ಎರಡು ಅಂಕ. ಪ್ರಶ್ನೆ ನೋಡಿ ನಾನು ಒಳಗೊಳಗೇ ಕುಣಿದಾಡಿದೆ.

ಮೊದಲನೆಯ ದಿನ ನಮ್ಮ ಮೇಜಿನವರಿಗೆ ರಸಾಯನಶಾಸ್ತ್ರದ ಭಾಗ ಬಂದಿತ್ತು, ಬೆಳಕಿನ ಪುಟ ತೆರೆಯುವ ಪ್ರಸಂಗವೇ ಬರಲಿಲ್ಲ. ಎರಡನೆಯ ದಿನ ಮಧ್ಯಾಹ್ನ, ರೊಟ್ಟಿ ಬುತ್ತಿ ಬಿಚ್ಚುವ ಹೊತ್ತಿಗೆ, ಪಕ್ಕದ ಮೇಜಿನಲ್ಲಿ ನಗು ಎದ್ದಿತು. ಇದು ತಿದ್ದುವ ಕೋಣೆಯ ಹಳೆಯ ರೂಢಿ. ಯಾವ ಮಗುವಾದರೂ ಎಡವಟ್ಟು ಬರೆದಿದ್ದರೆ ಗಟ್ಟಿಯಾಗಿ ಓದಿ ನಗುವುದು. ನಾನೂ ಎಷ್ಟೋ ಸಲ ಓದಿದ್ದೇನೆ, ನಕ್ಕಿದ್ದೇನೆ. ಆ ಮೇಜಿನ ಮಾಸ್ತರು ಉತ್ತರಪತ್ರಿಕೆ ಎತ್ತಿ ಹಿಡಿದು ಓದಿದರು: "'ಪೂರ್ಣ ಪ್ರತಿಬಿಂಬ ಬರುತ್ತದೆ, ಆದರೆ ಮಬ್ಬಾಗಿರುತ್ತದೆ. ಮಾರುಕಟ್ಟೆಯ ಒಂದು ಗೇಟು ಮುಚ್ಚಿದರೂ ಎಲ್ಲ ಊರಿನ ಚಕ್ಕಡಿಗಳು ಇನ್ನೊಂದು ಗೇಟಿನಿಂದ ಬರುವ ಹಾಗೆ. ಇದನ್ನು ನಾನು ದಾದಿಯ ಚಾಳೀಸಿನಲ್ಲಿ ನೋಡಿದ್ದೇನೆ.' ಕೇಳ್ರಪ್ಪ, ಫಿಜಿಕ್ಸ್ ಪೇಪರಿನ್ಯಾಗ ಚಕ್ಕಡಿ ಬಂದ್ವು!"

ಕೋಣೆ ಪೂರ್ತಿ ನಕ್ಕಿತು. ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

"ಎಷ್ಟು ಹಾಕಿದ್ರಿ ಸರ?" ಎಂದೆ.

"ಎಷ್ಟು ಹಾಕೂದ್ರಿ? ಸೊನ್ನಿ. ಕೀದಾಗ ಅರ್ಧಾ ಪ್ರತಿಬಿಂಬ ಅಂತೈತಿ."

ನಾನು ಕೀ ಕಾಗದ ಕಿತ್ತುಕೊಂಡು ನೋಡಿದೆ. ಹೌದು. 'ಅರ್ಧ ಪ್ರತಿಬಿಂಬ ಮಾತ್ರ ದೊರೆಯುತ್ತದೆ. ಕಾರಣ: ಮಸೂರದ ಅರ್ಧ ಭಾಗವನ್ನು ಮುಚ್ಚಿರುವುದು.' ಕಾರಣವಂತೆ ಕಾರಣ! ಹೊಟ್ಟೆ ಯಾಕೆ ನೋಯುತ್ತದೆ ಎಂದರೆ ನೋವಾಗುತ್ತಿರುವುದರಿಂದ ಎಂದ ಹಾಗೆ.

ಕೀ ಬರೆದವರು ಆ ಕೋಣೆಯ ಮುಖ್ಯ ಮೌಲ್ಯಮಾಪಕರೇ. ರಾಣೇಬೆನ್ನೂರಿನ ಕಡೆಯ ಹಿರಿಯ ಶಿಕ್ಷಕರು, ನಾನು ಹೇಳಿದ ಪ್ರಶ್ನೋತ್ತರದ ಪುಸ್ತಕವೂ ಅವರದೇ. ಕೆಟ್ಟ ಮನುಷ್ಯರಲ್ಲ. ನನಗೆ ಕೆಲಸ ಹೊಸದಾಗಿದ್ದಾಗ ಅವರೇ ನೂರೆಂಟು ಕಲಿಸಿದ್ದರು. ನಾನು ಹೋಗಿ ಕೀ ತಪ್ಪಾಗಿದೆ ಎಂದೆ. ಅವರು ಚಟ್ನಿ ನೆಕ್ಕಿದ ಬೆರಳನ್ನು ತೊಳೆದುಕೊಂಡು ಬಂದು ನಿಧಾನವಾಗಿ ಕುಳಿತರು.

"ಹೆಂಗ ತಪ್ಪಾಗತೈತ್ರಿ ಮೇಡಂ? ಅರ್ಧಾ ಮುಚ್ಚಿದ ಮ್ಯಾಲೆ ಪೂರಾ ಎಲ್ಲಿಂದ ಬರಬೇಕು?"

"ಸರ, ನಿಮ್ಮ ಚಾಳೀಸು ಒಂದೀಟು ಕೊಡ್ರಿ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನಾನು ಕನ್ನಡಿಯೇನು, ಅವರ ಮೂಗಿನ ಮೇಲಿನ ಗಾಜನ್ನೇ ಕೇಳಿದೆ. ಬಾಗಿಲು ಮುಂದೆ ಮಾಡಿಸಿದೆ, ಎರಡು ಕಿಟಕಿ ಮುಚ್ಚಿಸಿದೆ. ಉಳಿದ ಕಿಟಕಿಯ ಎದುರಿನ ಗೋಡೆಗೆ ಚಾಳೀಸು ಹಿಡಿದೆ. ಶಾಲೆಯ ಅಂಗಳ, ಧ್ವಜದ ಕಂಬ, ಕಂಬದ ಹತ್ತಿರ ನಿಲ್ಲಿಸಿದ್ದ ಸೈಕಲ್ಲುಗಳು, ಎಲ್ಲ ತಲೆಕೆಳಗಾಗಿ ಗೋಡೆಯ ಮೇಲೆ ಬಂದವು. ನಲವತ್ತು ಶಿಕ್ಷಕರು ಸುತ್ತ ನಿಂತಿದ್ದರು. ಎಷ್ಟೋ ಮಂದಿಗೆ ಅದೇ ಮೊದಲ ಸಲ ನೋಡುತ್ತಿದ್ದುದು ಎಂದು ಅವರ ಮುಖ ಹೇಳುತ್ತಿತ್ತು. ಒಬ್ಬರಂತೂ, "ಅಯ್ಯ, ಖರೇನ ಉಲ್ಟಾ ಬರತೈತಲಾ!" ಎಂದರು. ಇಪ್ಪತ್ತು ವರ್ಷ ಉಲ್ಟಾ ಬರುತ್ತದೆ ಎಂದು ಕಲಿಸಿದ ಮನುಷ್ಯ! ಆಮೇಲೆ ನಾನು ಕೀ ಕಾಗದವನ್ನೇ ಮಡಿಸಿ ಗಾಜಿನ ಅರ್ಧಕ್ಕೆ ಅಡ್ಡ ಹಿಡಿದೆ. ಗೋಡೆಯ ಮೇಲೆ ಕಂಬ ಹಾಗೇ ಇತ್ತು, ಬುಡದಿಂದ ತುದಿಯವರೆಗೆ. ಬೆಳಕು ಇಳಿಯಿತು, ಅಷ್ಟೇ. ಕಾಗದ ತೆಗೆದೆ, ಬೆಳಕು ಏರಿತು. ಮತ್ತೆ ಹಿಡಿದೆ.

ಹಿರಿಯರು ಗೋಡೆಯ ಹತ್ತಿರ ಹೋಗಿ ಬೆರಳಿಟ್ಟು ನೋಡಿದರು. ನನಗೆ ಗೆದ್ದೆ ಅನ್ನಿಸಿತು. ನಾನು ಎಂಥ ದಡ್ಡಿ.

"ಬರೋಬರಿ ಐತಿ ನೀವು ಹೇಳೂದು," ಎಂದರು ಅವರು, ಚಾಳೀಸನ್ನು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಳ್ಳುತ್ತ. "ಆದ್ರ ಈಗ ಏನ್ ಮಾಡಾಕ ಬರತೈತಿ? ಎರಡು ದಿನದ್ದು ಕಟ್ಟು ಮುಗದಾವು. ಎಲ್ಲಾ ಮತ್ತ ಬಿಚ್ಚಬೇಕಾಗತೈತಿ. ಅದೂ ಅಲ್ದ, ಹುಡುಗರು ಎಲ್ಲಾರೂ ಅರ್ಧಾ ಅಂತ ಓದ್ಯಾರ, ಅರ್ಧಾ ಅಂತ ಬರದಾರ. ಅವರಿಗೆ ಸೊನ್ನಿ ಹಾಕೂದು ನ್ಯಾಯ ಏನ್ರಿ?"

"ಅರ್ಧಾ ಬರದವ್ರಿಗೂ ಕೊಡ್ರಿ, ಪೂರಾ ಬರದವ್ರಿಗೂ ಕೊಡ್ರಿ."

"ಎರಡೂ ಸರಿ ಅಂದ್ರ ನಾಳೆ ಊರು ನಗತೈತಿ. ಕೀ ಅಂದ್ರ ಒಂದು ಇರಬೇಕು."

ನಾನು ಕೂಗಾಡಿದೆ. ಹೆಂಗಸು ಕೂಗಾಡಬಾರದು ಎಂಬ ಮುಖ ಮಾಡಿದವರ ಮೇಲೂ ಕೂಗಾಡಿದೆ. ನಕ್ಕು ಓದಿದ ಮಾಸ್ತರಿಗೆ, ನೀವು ನಕ್ಕದ್ದು ನಿಮ್ಮ ಮುಖ ನೋಡಿಕೊಂಡು ಎಂದೆ. ಕಡೆಗೆ ಯಾರೋ, ಕೈ ಎತ್ತಿಸಿರಿ, ಎಷ್ಟು ಮಂದಿ ಕೀ ತಿದ್ದಬೇಕು ಅಂತೀರಿ ನೋಡೋಣ ಎಂದರು. ಈ ಮಾತು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬೆಳಕು ಗಾಜಿನಲ್ಲಿ ಹೇಗೆ ಹಾಯಬೇಕು ಎಂಬುದನ್ನು ಹಾವೇರಿಯ ಒಂದು ಕೋಣೆಯಲ್ಲಿ ಕೈ ಎತ್ತಿ ತೀರ್ಮಾನ ಮಾಡುವುದು! ಮಾಡಿದರು. ನಲವತ್ತರಲ್ಲಿ ಆರು ಕೈ ಎದ್ದವು, ಅದರಲ್ಲಿ ಎರಡೂ ಕೈ ಎತ್ತಿದವಳು ನಾನೇ. ಅಷ್ಟರಲ್ಲಿ ಸಂಜೆಯಾಗಿ ಬ್ಯಾಡಗಿ ರಾಣೇಬೆನ್ನೂರು ಕಡೆಯವರ ರೈಲುಗಾಡಿಯ ಹೊತ್ತಾಯಿತು. ಎಲ್ಲರೂ ಚೀಲ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿನ ಕಡೆ ಓಡಿದರು. ನಾನೂ ಓಡಿದೆ. ಒಂದೇ ಡಬ್ಬಿಯಲ್ಲಿ ಕುಳಿತು ಬಂದೆವು. ಹಿರಿಯರು ನನಗೆ ಶೇಂಗಾ ಕೊಡಲು ಬಂದರು, ನಾನು ಕಿಟಕಿಯ ಕಡೆ ತಿರುಗಿದೆ.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ನಿಸರ್ಗ ಪೂರ್ತಿ ಗಿಡ ಕೊಟ್ಟಿತು, ಕೀ ಕೊಡಲಿಲ್ಲ. ಆ ಹುಡುಗಿಗೆ ವಿಜ್ಞಾನದಲ್ಲಿ ಐವತ್ತೆಂಟು ಬಂತು.

ಹೆಡ್‌ಮಾಸ್ತರ ಹತ್ತಿರ ಹೋಗಿ ಆದದ್ದೆಲ್ಲ ಹೇಳಿದೆ. ಆ ಎರಡು ಅಂಕ ಸೇರಿದರೆ ಅರವತ್ತು, ಅವಳನ್ನು ಮುಂದಿನ ಗುಂಪಿಗೆ ಹಾಕಿ ಎಂದೆ. ಅವರು ಅಂಕಪಟ್ಟಿಯ ಮೇಲೆ ಬೆರಳಿಟ್ಟು, "ಮೇಡಂ, ಪೇಪರಿನ್ಯಾಗ ಏನೈತಿ ಅದು. ಆಕಿಗೊಬ್ಬಾಕಿಗೆ ಮಾಡಿದ್ರ ಐವತ್ತೊಂಬತ್ತು ಬಂದವ್ರು ಬಾಗಲಕ್ಕ ಬರ್ತಾರ" ಎಂದರು. ಅವಳು ಹಿಂದಿನ ಗುಂಪಿಗೆ ಹೋದಳು, ಇಪ್ಪತ್ತು ಪ್ರಶ್ನೆ ಬಾಯಿಪಾಠಕ್ಕೆ. ನಾನು ಶಾಲೆ ಬಿಟ್ಟ ಮೇಲೆ ಬಸ್ಸು ಬರುವವರೆಗೆ ಅವಳೊಬ್ಬಳನ್ನೇ ಕೂರಿಸಿಕೊಂಡು ಉಳಿದ ಪಾಠ ಹೇಳತೊಡಗಿದೆ. ಒಂದು ದಿನವೂ ಅವಳು ತಪ್ಪಿಸಲಿಲ್ಲ.

ಅವಳು ಉತ್ತರಪತ್ರಿಕೆಯನ್ನು ನನ್ನ ಮುಂದೆ ಬಿಚ್ಚಿಟ್ಟ ದಿನ ಮಾತ್ರ ನನಗೆ ಅವಳ ಮುಖ ನೋಡಲಾಗಲಿಲ್ಲ. ಚಕ್ಕಡಿ ಎಂಬ ಶಬ್ದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು, ಪಕ್ಕದಲ್ಲಿ ದೊಡ್ಡ ಸೊನ್ನೆ.

"ನಾ ನೋಡಿದ್ದು ತಪ್ಪೇನ್ರಿ ಟೀಚರ?"

"ತಪ್ಪಲ್ಲ. ತಿದ್ದಿದವ್ರು ತಪ್ಪು."

"ಹಂಗಾದ್ರ ದೊಡ್ಡ ಪರೀಕ್ಷಾದಾಗ ಇದ ಬಂದ್ರ ಏನ್ ಬರೀಲಿ?"

ಇಲ್ಲಿಯವರೆಗೆ ಊರವರನ್ನೆಲ್ಲ ಬೈದೆನಲ್ಲ, ಈಗ ನನ್ನ ಸರದಿ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ವಾರ್ಷಿಕ ಪರೀಕ್ಷೆಯ ಪತ್ರಿಕೆ ತಿದ್ದುವವರು ಯಾರು? ಎಲ್ಲಿಯದೋ ಜಿಲ್ಲೆಯ ಇಂಥವೇ ನಲವತ್ತು ಜನ. ಅವರ ಮುಂದೆ ಮೂಗಿನ ಮೇಲಿನ ಚಾಳೀಸು ಕಿತ್ತುಕೊಂಡು ತೋರಿಸಲು ನಾನು ಇರುವುದಿಲ್ಲ. ಮಗುವಿಗೆ ಎರಡು ಅಂಕ ಹೋಗುತ್ತದೆ. ನನ್ನ ಹಟಕ್ಕೆ ಅವಳ ಭವಿಷ್ಯ ಯಾಕೆ ಹಾಳಾಗಬೇಕು? ಇವೆಲ್ಲ ಆ ಹೊತ್ತಿಗೆ ಬಹಳ ಬುದ್ಧಿವಂತಿಕೆಯ ಮಾತು ಅನ್ನಿಸಿದವು.

"ಅರ್ಧಾ ಅಂತ ಬರಿ," ಎಂದೆ.

"ಖರೇ ಯಾವ್ದು ಮತ್ತ?"

"ಖರೇ ಪೂರಾನ. ಆದ್ರ ನೀ ಅರ್ಧಾ ಅಂತ ಬರಿ. ಚಕ್ಕಡಿ ಗಿಕ್ಕಡಿ ಏನೂ ಬರೀಬ್ಯಾಡ."

ಅವಳು ಉತ್ತರಪತ್ರಿಕೆಯನ್ನು ಮಡಿಸಿಟ್ಟಳು. ಆಮೇಲೆ ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಹಾವೇರಿಯಲ್ಲಿ ಎರಡೂ ಕೈ ಎತ್ತಿದ ಶೂರೆ ಬ್ಯಾಡಗಿಯಲ್ಲಿ ಒಂದು ಮಗುವಿನ ಮುಂದೆ ಕೈ ಇಳಿಸಿದಳು.

ವಾರ್ಷಿಕ ಪರೀಕ್ಷೆಯಲ್ಲಿ ಅದೇ ಬಂತು. ಮಾತು ಸ್ವಲ್ಪ ಬೇರೆ, ವಿಷಯ ಅದೇ. ಪರೀಕ್ಷೆ ಮುಗಿಸಿ ಅವಳು ಗೇಟಿನ ಹತ್ತಿರ ಓಡಿಬಂದಳು. "ಬಂತ್ರಿ ಟೀಚರ! ನೀವು ಹೇಳಿದಂಗ ಬರದ್ನಿ!" ಎಂದಳು. ನಾನು ಬೆನ್ನು ತಟ್ಟಿದೆ. ಛಲೋ ಆಯ್ತು ಎಂದೆ.

ಹತ್ತು ಹನ್ನೆರಡು ದಿನಕ್ಕೆ ನನಗೂ ರಾಣೇಬೆನ್ನೂರಿನಲ್ಲಿ ತಿದ್ದುವ ಕೆಲಸ ಬಂತು. ಬೇರೆ ಯಾವುದೋ ಜಿಲ್ಲೆಯ ಪತ್ರಿಕೆಗಳು. ಬೆಳಿಗ್ಗೆ ಎಲ್ಲರೂ ಸೇರಿ ಕುಳಿತಾಗ ಕೀ ಬಂತು. ಅದನ್ನು ಗಟ್ಟಿಯಾಗಿ ಓದಲು ನಿಂತವರು ಅದೇ ಹಿರಿಯರು. ಒಂದೊಂದೇ ಓದುತ್ತ ಬಂದು ಆ ಪ್ರಶ್ನೆಗೆ ಬಂದರು: "ಪೂರ್ಣ ಪ್ರತಿಬಿಂಬ ದೊರೆಯುತ್ತದೆ, ಪ್ರಕಾಶ ಕಡಿಮೆಯಾಗುತ್ತದೆ. ಬರಕೊಳ್ರಿ. ಪೂರ್ಣ ಅಂದ್ರ ಒಂದು, ಪ್ರಕಾಶ ಕಡಿಮಿ ಅಂದ್ರ ಒಂದು. ಅರ್ಧಾ ಅಂತ ಬರದವ್ರಿಗೆ ಸೊನ್ನಿ."

ಅವರ ಧ್ವನಿ ಒಂದಿಷ್ಟೂ ಅಳುಕಲಿಲ್ಲ. ನನ್ನ ಕಡೆ ನೋಡಿ ಸಣ್ಣಗೆ ನಕ್ಕರು ಕೂಡ. "ನೀವು ಹೇಳಿದ್ದ ಬಂತು ನೋಡ್ರಿ ಮೇಡಂ!" ಎಂದರು, ಅಭಿನಂದನೆ ಹೇಳುವವರ ಹಾಗೆ. ಎರಡು ತಿಂಗಳ ಹಿಂದೆ ಬದಲಾಗಬಾರದ ಕೀ ಈಗ ಬದಲಾಗಿತ್ತು, ಅವರಿಗೆ ಅಷ್ಟೇ ಸಾಕಿತ್ತು. ನಾನು ಎಲ್ಲರ ಹಾಗೆ ಬರೆದುಕೊಂಡೆ. ಅವರನ್ನು ಯಾವ ಬಾಯಿಂದ ಅನ್ನಲಿ? ಅವರು ತಿಳಿಯದೆ ತಪ್ಪು ಕೀ ಬರೆದರು. ನಾನು ತಿಳಿದೂ ತಪ್ಪು ಬರೆಸಿದೆ.

ಕಟ್ಟು ಬಿಚ್ಚಿದೆ. ಅರ್ಧ ಪ್ರತಿಬಿಂಬ ದೊರೆಯುತ್ತದೆ. ಅರ್ಧ ಪ್ರತಿಬಿಂಬ ದೊರೆಯುತ್ತದೆ. ಒಂದಾದ ಮೇಲೆ ಒಂದು ಅದೇ ವಾಕ್ಯ, ಅದೇ ಕಾರಣ. ಎಲ್ಲಿಯದೋ ಊರಿನ ಮಕ್ಕಳು, ಎಲ್ಲಿಯವರೋ ಟೀಚರು. ಒಂದೊಂದಕ್ಕೂ ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಹಾಕುತ್ತ ಹೋದೆ. ಮತ್ತೊಬ್ಬರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ. ಒಬ್ಬನೇ ಒಬ್ಬ ಹುಡುಗ ಪೂರ್ಣ ಎಂದು ಬರೆದಿದ್ದ. ಅವನ ಊರು ಯಾವುದೋ, ಅವನಿಗೆ ಕಲಿಸಿದವರು ಯಾರೋ. ಅವನ ಪತ್ರಿಕೆಗೆ ಎರಡು ಅಂಕ ಹಾಕುವಾಗ ನನಗೆ ಅಳು ಬಂತು. ಪಕ್ಕದವರು ಖಾರದ ಘಾಟು ರಾಣೇಬೆನ್ನೂರಿನವರೆಗೂ ಬಂತೇನ್ರಿ ಎಂದು ಚೇಷ್ಟೆ ಮಾಡಿದರು.

ಫಲಿತಾಂಶ ಬಂದಾಗ ಅವಳಿಗೆ ವಿಜ್ಞಾನದಲ್ಲಿ ಅರವತ್ತಾರು ಬಂದಿತ್ತು. ಹಿಂದಿನ ಗುಂಪಿನಿಂದ ಅಷ್ಟು ಯಾರೂ ತೆಗೆದಿರಲಿಲ್ಲ. ಹೆಡ್‌ಮಾಸ್ತರೇ ಕರೆದು ಕೈಕುಲುಕಿದರು. ಹಾವೇರಿಯ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೀಟು ಸಿಗುವುದಕ್ಕೆ ಏನೂ ಅಡ್ಡಿ ಇರಲಿಲ್ಲ. ಅವಳೂ ಅವಳಪ್ಪನೂ ಅರ್ಜಿ ಹಿಡಿದು ಶಾಲೆಗೆ ಬಂದರು. ಅಪ್ಪ ಆ ದಿನ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. "ನೀವ ತುಂಬಿಕೊಡ್ರಿ ಅಕ್ಕಾರ, ತಪ್ಪಾಗಬಾರದು" ಎಂದು ಅರ್ಜಿಯನ್ನು ನನ್ನ ಮೇಜಿನ ಮೇಲೆ ಇಟ್ಟ.

ನಾನು ಪೆನ್ನು ಎತ್ತುವ ಮೊದಲು ಅವಳಿಗೆ ನಿಜ ಹೇಳಿದೆ. ವಾರ್ಷಿಕ ಪರೀಕ್ಷೆಯ ಕೀಯಲ್ಲಿ ಪೂರಾ ಎಂದೇ ಇತ್ತು, ನೀನು ನೋಡಿದ್ದನ್ನೇ ಬರೆದಿದ್ದರೆ ಎರಡು ಅಂಕ ಬರುತ್ತಿತ್ತು, ನನ್ನಿಂದ ಹೋಯಿತು ಎಂದೆ. ಅವಳು ಅತ್ತಿದ್ದರೆ, ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ನನ್ನ ಹಾಗೆ ಅವಳೂ ಕೂಗಾಡಲಿ ಎಂದು ಕಾದೆ.

"ಇರ್ಲಿ ಬಿಡ್ರಿ ಟೀಚರ. ಎರಡು ಮಾರ್ಕ್ಸ್ ಅಷ್ಟ," ಎಂದಳು. ಆಮೇಲೆ ಅಪ್ಪನ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಸಾಯನ್ಸ್ ಬ್ಯಾಡ್ರಿ ನನಗ. ಕಾಮರ್ಸ್ ಅಂತ ಬರೀರಿ."

ನಾನು ಯಾಕೆ ಎಂದು ಕೇಳಿದೆ. ಕೇಳಬಾರದಿತ್ತು.

"ಸಾಯನ್ಸಿನ್ಯಾಗ ನಾ ನೋಡಿದ್ದು ಬರೀಬೇಕೋ, ನೀವು ಹೇಳಿದ್ದು ಬರೀಬೇಕೋ ನನಗ ಗೊತ್ತಾಗಂಗಿಲ್ರಿ."

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ತಿಳಿಹೇಳಿದೆ, ಬೇಡಿಕೊಂಡೆ, ಕಡೆಗೆ ಗದರಿಸಿದೆ ಕೂಡ. ಅವಳು ತಲೆ ತಗ್ಗಿಸಿ ನಿಂತೇ ಇದ್ದಳು. ಅವಳಪ್ಪ ನಮ್ಮಿಬ್ಬರ ಮುಖವನ್ನೂ ನೋಡುತ್ತ, ಏನೂ ತಿಳಿಯದೆ, "ಟೀಚರ ಹೇಳಿದಂಗ ಮಾಡವಾ, ಅವರಿಗೆ ಗೊತ್ತಿರತೈತಿ" ಎಂದ.

ಅವಳು ನನ್ನ ಕಡೆ ನೋಡಲಿಲ್ಲ. ವಿಷಯ ಎಂದಿದ್ದ ಜಾಗದ ಮುಂದೆ ನಾನು ನನ್ನ ಕೈಯಾರೆ ವಾಣಿಜ್ಯ ಎಂದು ಬರೆದುಕೊಟ್ಟೆ.